ಅಳತೆಯ ಚೀಟಿ ಇಲ್ಲದೆ ಎಂಜಿನ್ ಕೆಲಸ ಒಪ್ಪಬೇಡಿ

“ರಿಂಗ್ ಇನ್ನೂ ಕೂತಿಲ್ರಿ ಸಾವಕಾರ್ರ, ಒಂದ್ ಸಾವಿರ ಕಿಲೋಮೀಟರ್ ಓಡ್ಲಿ, ತಾನ ಸರಿ ಆಗ್ತೈತಿ.”

ಹತ್ತಾರು ಸಾವಿರ ರೂಪಾಯಿ ಸುರಿದು ಕಾರಿನ ಎಂಜಿನ್ ಕಟ್ಟಿಸಿಕೊಂಡವರು ಹದಿನೈದು ದಿನ ಬಿಟ್ಟು ಆಯಿಲ್ ಕಡ್ಡಿ ಎಳೆದು ನೋಡುತ್ತಾರೆ. ಆಯಿಲ್ ಕೆಳಗಿನ ಗೀಟಿಗೂ ಮುಟ್ಟಿರುವುದಿಲ್ಲ. ಗಾಬರಿಯಾಗಿ ಗ್ಯಾರೇಜಿಗೆ ಹೋದರೆ ಕೇಳಿಬರುವ ಮಾತು ಇದು. ರಾಮದುರ್ಗ ತಾಲ್ಲೂಕಿನ ಕಟಕೋಳದಿಂದ ಯರಗಟ್ಟಿ, ಸವದತ್ತಿ, ಬೈಲಹೊಂಗಲ ದಾಟಿ ಕಿತ್ತೂರಿನ ಹೆದ್ದಾರಿವರೆಗೆ ಎಲ್ಲಿ ಕೇಳಿದರೂ ಮಾತು ಹೆಚ್ಚುಕಡಿಮೆ ಇದೇ. ಇದರಲ್ಲಿ ಅರ್ಧ ನಿಜವಿದೆ. ಪಿಸ್ಟನ್ನಿನ ಹೊಸ ರಿಂಗು ಸಿಲಿಂಡರಿನ ಹೊಸ ಬೋರಿಗೆ ಹೊಂದಿಕೊಳ್ಳಲು ಒಂದಿಷ್ಟು ಓಟ ಬೇಕೇ ಬೇಕು. ಆದರೆ ಸಾವಿರಕ್ಕೆ ಹೇಳಿದ ಮಾತನ್ನೇ ಎರಡು ಸಾವಿರಕ್ಕೂ ಮೂರು ಸಾವಿರಕ್ಕೂ ಹೇಳತೊಡಗಿದರೆ ವಾರಂಟಿಯ ಬಾಯಿಮಾತು ಮುಗಿಯುವ ತನಕ ದಿನ ತಳ್ಳಿದಂತಾಗುತ್ತದೆ, ಅಷ್ಟೇ. ಕೊನೆಗೆ ಎಂಜಿನ್ ಮತ್ತೆ ಇಳಿಯುತ್ತದೆ. ಖರ್ಚು ಮತ್ತೆ ಮಾಲೀಕನ ತಲೆಗೇ.

ಮಿಸ್ತ್ರಿಗಳೆಲ್ಲ ಮೋಸಗಾರರು ಎಂಬುದು ಈ ಬರಹದ ವಾದವಲ್ಲ. ಬಹುಪಾಲು ಮಿಸ್ತ್ರಿಗಳು ಕೈ ಕೊಳೆ ಮಾಡಿಕೊಂಡು ದುಡಿಯುವ, ಕಿವಿಯಿಂದಲೇ ಎಂಜಿನ್ನಿನ ನಾಡಿ ಹಿಡಿಯಬಲ್ಲ ಕುಶಲರು. ಕೊರತೆ ಇರುವುದು ಅಳತೆಯಲ್ಲಿ. ಬೋರು ಎಷ್ಟಾಯಿತು, ಪಿಸ್ಟನ್ ಎಷ್ಟಿದೆ, ರಿಂಗಿನ ಬಾಯಿ, ಎಂದರೆ ಅದರ ಎರಡು ತುದಿಗಳ ನಡುವಿನ ಸಂದು ಎಷ್ಟು ತೆರೆದಿದೆ, ಸಾವಿರ ಕಿಲೋಮೀಟರಿಗೆ ಎಷ್ಟು ಮಿಲಿಲೀಟರ್ ಆಯಿಲ್ ಹೋಯಿತು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಬರೆದಿಡದ ಕಡೆ ತಪ್ಪು ಯಾರದೆಂದು ತೀರ್ಮಾನಿಸುವವರು ಯಾರು? ಲೇತಿನವನು ಗ್ಯಾರೇಜಿನವನನ್ನು ತೋರಿಸುತ್ತಾನೆ, ಗ್ಯಾರೇಜಿನವನು ಸ್ಪೇರ್ ಪಾರ್ಟ್ಸ್ ಅಂಗಡಿಯನ್ನು ತೋರಿಸುತ್ತಾನೆ, ಅಂಗಡಿಯವನು ಡ್ರೈವರನನ್ನು ತೋರಿಸುತ್ತಾನೆ.

ಈ ಭಾಗದಲ್ಲಿ ಹಳೆ ಎಂಜಿನ್ ಮತ್ತೆ ಕಟ್ಟಿಸುವುದು ಜಿಪುಣತನವಲ್ಲ, ವಿವೇಕ. ಬಿಎಸ್ 6 ನಿಯಮ 2020ರ ಏಪ್ರಿಲ್ 1ರಂದು ಜಾರಿಯಾದಾಗ ಮಾರುತಿ ಸುಜುಕಿ ಡೀಸೆಲ್ ಕಾರು ತಯಾರಿಸುವುದನ್ನೇ ಬಿಟ್ಟಿತು. ಓಮ್ನಿ ವ್ಯಾನು ಅದಕ್ಕೂ ಮುಂಚೆ 2019ರಲ್ಲಿ ನಿಂತಿತ್ತು. ಅಂಗಡಿಯಲ್ಲಿ ನಿಂತವೇ ಹೊರತು ರಸ್ತೆಯಲ್ಲಿ ನಿಂತಿಲ್ಲ. ಹಳೆ ಸ್ವಿಫ್ಟ್, ಡಿಝೈರ್, ಬೊಲೆರೊ, ಕ್ರೂಸರ್, ಓಮ್ನಿಗಳೇ ಇವತ್ತಿಗೂ ಎಲ್ಲಮ್ಮನ ಗುಡ್ಡದ ಹುಣ್ಣಿಮೆಗೆ, ಗೊಡಚಿ ವೀರಭದ್ರನ ಜಾತ್ರೆಗೆ, ಮದುವೆ ದಿಬ್ಬಣಕ್ಕೆ, ನಡುರಾತ್ರಿ ಹುಬ್ಬಳ್ಳಿ ಬೆಳಗಾವಿ ಆಸ್ಪತ್ರೆಗೆ ಓಡುತ್ತಿವೆ. ಹೊಸ ಗಾಡಿಯ ಕಂತು ಕಟ್ಟಲಾಗದ ಮನೆಗೆ ಎಂಜಿನ್ ಕೆಲಸವೇ ದಾರಿ. ಆ ಕೆಲಸ ಒಮ್ಮೆಗೇ ಸರಿಯಾಗಬೇಕಾದ್ದು ಅದಕ್ಕೇ.

ಎಂಜಿನ್ನಿನ ನಂಟು ಈ ಸೀಮೆಗೆ ಹಳೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಮುಂದೆ ಕಬ್ಬಿಣದ ನೇಗಿಲಿಗೆ ಕೈಹಾಕಿದರು, 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅದೇ ಮನೆತನ 1941ರಲ್ಲಿ ಹರಿಹರದಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಂಪನಿಯನ್ನೂ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಂಪನಿಯನ್ನೂ ಆರಂಭಿಸಿತು. ನೀರೆತ್ತುವ ಡೀಸೆಲ್ ಎಂಜಿನ್ನಿಗೆ ಹಳ್ಳಿಗರು “ಕಿರ್ಲೋಸ್ಕರ್” ಎಂದೇ ಹೆಸರಿಟ್ಟುಕೊಂಡದ್ದು ಆ ಬಳಿಕ. ಇಲ್ಲಿನ ಮಿಸ್ತ್ರಿಗಳ ಹಿಂದಿನ ತಲೆಮಾರು ವಿದ್ಯೆ ಕಲಿತದ್ದು ಇಂಥ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳ ಮೇಲೆ.

ಕಾರಿನ ಎಂಜಿನ್ ಕಟ್ಟುವಾಗ ಎಡವುವ ಜಾಗವೂ ಇಲ್ಲೇ ಇದೆ. ಪಂಪ್‌ಸೆಟ್ಟು ಮತ್ತು ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಸಿಲಿಂಡರಿಗೆ ಲೈನರ್ ಇರುತ್ತದೆ. ಸವೆದರೆ ಹಳೆ ಲೈನರ್ ಕಿತ್ತು, ಲೈನರ್, ಪಿಸ್ಟನ್, ರಿಂಗು ಸೇರಿದ ಹೊಸ ಸೆಟ್ಟು ಕೂರಿಸಿದರಾಯಿತು. ಬೋರಿನ ಅಳತೆ, ಅದರ ಒಳಮೈ ನಯ ಎಷ್ಟಿರಬೇಕು ಎಂಬುದೆಲ್ಲ ಫ್ಯಾಕ್ಟರಿಯಲ್ಲೇ ತೀರ್ಮಾನವಾಗಿ ಬಂದಿರುತ್ತದೆ. ಸಣ್ಣ ಕಾರುಗಳಲ್ಲಿ ಹಾಗಲ್ಲ. ಅಲ್ಲಿ ಬ್ಲಾಕಿನ ಕಬ್ಬಿಣದಲ್ಲೇ ಬೋರು ಕೊರೆದಿರುತ್ತದೆ. ಸವೆದರೆ ಅದನ್ನೇ ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಫ್ಯಾಕ್ಟರಿ ಮಾಡಬೇಕಾದ ಕೆಲಸ ಊರಿನ ಬೋರಿಂಗ್ ಅಂಗಡಿಯ ಪಾಲಿಗೆ ಬರುತ್ತದೆ. ಅಲ್ಲದೆ ಪಂಪ್‌ಸೆಟ್ಟು ಇಡೀ ದಿನ ಹೆಚ್ಚುಕಡಿಮೆ ಒಂದೇ ವೇಗದಲ್ಲಿ, ನಿಮಿಷಕ್ಕೆ 1500 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಕಾರು ಗಳಿಗೆಗೊಮ್ಮೆ ಏರುತ್ತದೆ, ಇಳಿಯುತ್ತದೆ, ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ, ಹೆದ್ದಾರಿಯಲ್ಲಿ ನಾಲ್ಕು ಸಾವಿರ ಸುತ್ತು ಮುಟ್ಟುತ್ತದೆ. ಲೈನರ್ ಸೆಟ್ಟು ಕೂರಿಸಿ ಕಲಿತ ಕೈಗೆ ಕಾರಿನ ಬ್ಲಾಕು ಬೇರೆಯದೇ ಪಾಠ.

ಎಷ್ಟು ಸೂಕ್ಷ್ಮದ ಪಾಠ ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡಬಹುದು. ಹಳೆ ಸ್ವಿಫ್ಟ್, ಡಿಝೈರ್ ಡೀಸೆಲ್‌ಗಳಲ್ಲಿದ್ದ ಫಿಯೆಟ್ ಮೂಲದ 1248 ಸಿಸಿ ಎಂಜಿನ್ನಿನ ಬೋರು 69.6 ಮಿಲಿಮೀಟರ್, ಸ್ಟ್ರೋಕು 82 ಮಿಲಿಮೀಟರ್. ಪಿಸ್ಟನ್ ಒಮ್ಮೆ ಕೆಳಗಿಳಿದಾಗ ತೆರೆದುಕೊಳ್ಳುವ ಗೋಡೆ ಸುಮಾರು 179 ಚದರ ಸೆಂಟಿಮೀಟರ್. ಆ ಗೋಡೆಯ ಮೇಲೆ ಒಂದೇ ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ದಪ್ಪದ ಆಯಿಲ್ ಪೊರೆ ಉಳಿದು ಪ್ರತಿ ಸಲ ಸುಟ್ಟುಹೋಗುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 2000 ಸುತ್ತಿನಲ್ಲಿ ನಾಲ್ಕು ಸಿಲಿಂಡರಿನಲ್ಲಿ ಸೇರಿ 4000 ಸಲ ದಹನವಾಗುತ್ತದೆ. ಹೋಗುವ ಆಯಿಲ್ ನಿಮಿಷಕ್ಕೆ 70 ಮಿಲಿಲೀಟರ್ ದಾಟುತ್ತದೆ. ಹದಿನಾಲ್ಕೇ ನಿಮಿಷದಲ್ಲಿ ಒಂದು ಲೀಟರ್ ಖಾಲಿ! ಸಾವಿರಾರು ಕಿಲೋಮೀಟರ್ ಓಡಿದರೂ ಒಳ್ಳೆಯ ಎಂಜಿನ್ನಿನಲ್ಲಿ ಆಯಿಲ್ ಇಳಿಯುವುದಿಲ್ಲ ಎಂದರೆ ಸುಟ್ಟುಹೋಗುವ ಪಾಲು ಒಂದು ಮೈಕ್ರಾನಿನ ಎಷ್ಟೋ ಚಿಕ್ಕ ಅಂಶ ಮಾತ್ರ. ಅಷ್ಟು ನಾಜೂಕಾಗಿ ಗೋಡೆ ಒರೆಸುವುದು ಮೂರು ರಿಂಗುಗಳ ಕೆಲಸ. ಕಣ್ಣಂದಾಜಿನಿಂದ ಇದು ಆಗುವ ಮಾತಲ್ಲ.

ಆ ಮೂರರಲ್ಲಿ ಮೇಲಿನದು ದಹನದ ಒತ್ತಡ ತಡೆಯುತ್ತದೆ. ಎರಡನೆಯದು ಒತ್ತಡ ತಡೆಯುವುದರ ಜತೆಗೆ ಆಯಿಲನ್ನು ಕೆಳಗೆ ಕೆರೆಯುತ್ತದೆ. ಮೂರನೆಯದು ಆಯಿಲ್ ರಿಂಗು, ಹೆಚ್ಚಿನ ಆಯಿಲನ್ನು ಒರೆಸಿ ಕೆಳಗಿನ ಆಯಿಲ್ ಚೇಂಬರಿಗೆ ವಾಪಸು ಕಳಿಸುತ್ತದೆ. ಎರಡನೆಯ ರಿಂಗಿನ ಅಂಚು ಓರೆಯಾಗಿರುತ್ತದೆ, ಮೇಲ್ಮುಖಕ್ಕೆ ಗುರುತು ಇರುತ್ತದೆ. ಅದನ್ನು ತಲೆಕೆಳಗಾಗಿ ಹಾಕಿದರೆ ಕೆಳಗೆ ಕೆರೆಯಬೇಕಾದ ರಿಂಗು ಆಯಿಲನ್ನು ಮೇಲಕ್ಕೆ ಎಳೆದು ಕೊಡುತ್ತದೆ. ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಎಳೆತ ಚೆನ್ನಾಗಿರುತ್ತದೆ, ಆಯಿಲ್ ಮಾತ್ರ ನಿಲ್ಲುವುದಿಲ್ಲ. ಆಯಿಲ್ ರಿಂಗಿನೊಳಗಿನ ಸ್ಪ್ರಿಂಗ್ ಪಟ್ಟಿಯ ಎರಡು ತುದಿ ಒಂದರ ಮೇಲೊಂದು ಹತ್ತಿ ಕೂತರೂ ಇದೇ ಗತಿ. ಪಿಸ್ಟನ್ ಕೂರಿಸುವ ಗಡಿಬಿಡಿಯಲ್ಲಿ ಇಂಥ ತಪ್ಪು ಆಗುವುದು ತೀರಾ ಸುಲಭ. ಬೆಂಗಳೂರಿನ ಯಲಹಂಕದ ಗೋಟ್ಜೆ ಕಾರ್ಖಾನೆಯಿಂದ ಬಂದ ಅಸಲಿ ರಿಂಗೇ ಆಗಿದ್ದರೂ ತಲೆಕೆಳಗಾಗಿ ಹಾಕಿದರೆ ಏನು ಬಂತು?

ಇನ್ನು ಬೋರು. ಜಗಳದ ಬೇರು ಹೆಚ್ಚಾಗಿ ಇರುವುದು ಇಲ್ಲಿ, ಹೀಗಾಗಿ ತುಸು ವಿವರವಾಗಿ ನೋಡಬೇಕು.

ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ 0.25, 0.50, 1.00 ಮಿಲಿಮೀಟರ್ ಹೀಗೆ ಹೆಜ್ಜೆಹೆಜ್ಜೆಯಾಗಿ ಬರುತ್ತವೆ. ಡಬ್ಬಿಯ ಮೇಲೆ 0.50 ಎಂದು ಬರೆದಿದೆ ಎಂದಾಕ್ಷಣ ಒಳಗಿನ ಪಿಸ್ಟನ್ ಕರಾರುವಾಕ್ಕಾಗಿ ಅಷ್ಟೇ ಇರಬೇಕೆಂದಿಲ್ಲ. ಪಿಸ್ಟನ್ನಿಗೂ ಬೋರಿಗೂ ನಡುವೆ ಬಿಡುವ ಸಂದು ಸಣ್ಣ ಕಾರುಗಳಲ್ಲಿ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು. ಆದ್ದರಿಂದ ಪಿಸ್ಟನ್ ಕೈಗೆ ಬರುವ ಮುಂಚೆ ಬೋರ್ ಹೊಡೆಯಲೇಬಾರದು. ನಾಲ್ಕೂ ಪಿಸ್ಟನ್ನುಗಳನ್ನು ಮೈಕ್ರೋಮೀಟರಿನಿಂದ ಅಳೆದು, ಯಾವ ಸಿಲಿಂಡರಿಗೆ ಯಾವುದು ಎಂದು ನಂಬರ್ ಹಾಕಿ, ಅದಕ್ಕೆ ತಕ್ಕಂತೆ ಬೋರು ಮಾಡಬೇಕು. ಮಾಡಿದ ಮೇಲೆ ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಬೇಕು. ಒಂದು ಸಿಲಿಂಡರಿಗೆ ಆರು ಅಳತೆ, ನಾಲ್ಕು ಸಿಲಿಂಡರಿಗೆ ಇಪ್ಪತ್ನಾಲ್ಕು. ಕಾಲು ಗಂಟೆಯ ಕೆಲಸ. ಬೋರು ಅಂಡಾಕಾರವಾಗಿದ್ದರೆ, ಮೇಲೆ ಅಗಲ ಕೆಳಗೆ ಕಿರಿದಾಗಿದ್ದರೆ ಈ ಇಪ್ಪತ್ನಾಲ್ಕು ಅಂಕಿ ಅದನ್ನು ಬಾಯಿಬಿಟ್ಟು ಹೇಳುತ್ತವೆ. ಗುಂಡಗಿನ ರಿಂಗು ಅಂಡಾಕಾರದ ಗೋಡೆಯನ್ನು ಪೂರ್ತಿ ಮುಟ್ಟಲಾರದು.

ಬೋರ್ ಆದ ಮೇಲೆ ಹೋನಿಂಗ್. ಕಲ್ಲು ಕಟ್ಟಿದ ಉಪಕರಣವನ್ನು ತಿರುಗಿಸುತ್ತ ಮೇಲೆ ಕೆಳಗೆ ಆಡಿಸಿ ಗೋಡೆಯ ಮೇಲೆ ಅಡ್ಡಡ್ಡ ಹಾಯುವ ಸಣ್ಣ ಗೀರು ಮೂಡಿಸಬೇಕು. ಗೀರುಗಳು ಒಂದನ್ನೊಂದು ಕತ್ತರಿಸುವ ಕೋನ ಸಾಮಾನ್ಯವಾಗಿ 45ರಿಂದ 60 ಡಿಗ್ರಿ. ಉದ್ದಕ್ಕೂ ಅಡ್ಡಕ್ಕೂ ಕುಂಟೆ ಹೊಡೆದ ಎರೆಹೊಲದಲ್ಲಿ ನೀರು ನಿಲ್ಲುವಂತೆ ಈ ಗೀರಿನಲ್ಲಿ ಆಯಿಲ್ ನಿಲ್ಲುತ್ತದೆ. ಗೀರಿನ ಚೂಪು ತುದಿಗಳು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ರಿಂಗಿನ ಮೈಯನ್ನು ಉಜ್ಜಿ, ಅವೂ ಸವೆದು, ಎರಡೂ ಹೊಂದಿಕೊಳ್ಳುತ್ತವೆ. “ರಿಂಗ್ ಕೂರುವುದು” ಎಂದರೆ ಇಷ್ಟೇ. ಗೀರೇ ಇಲ್ಲದ ಕನ್ನಡಿ ನುಣುಪಿನ ಹಳೆ ಬೋರಿಗೆ ಖರ್ಚು ಉಳಿಸಲೆಂದು ಬರೀ ಹೊಸ ರಿಂಗು ಹಾಕಿದರೆ ಅದು ಸಾವಿರವಲ್ಲ, ಐವತ್ತು ಸಾವಿರ ಕಿಲೋಮೀಟರ್ ಓಡಿದರೂ ಕೂರಲಾರದು. ಕೈಯಲ್ಲಿ ಎಮರಿ ಪೇಪರ್ ಸುತ್ತಿಕೊಂಡು ಉಜ್ಜುವ ರೂಢಿಯೂ ಕೆಲವೆಡೆ ಇದೆ. ಅದರಿಂದ ಕೋನವೂ ಬರುವುದಿಲ್ಲ, ಸಮನಾದ ಆಳವೂ ಬರುವುದಿಲ್ಲ.

ಹೋನಿಂಗ್ ಆದ ಬ್ಲಾಕನ್ನು ತೊಳೆಯುವ ರೀತಿಯಲ್ಲೂ ತಪ್ಪಿದೆ. ಡೀಸೆಲ್ಲಿನಲ್ಲಿ, ಸೀಮೆಎಣ್ಣೆಯಲ್ಲಿ ಒರೆಸಿ ಮುಗಿಸುವುದೇ ಹೆಚ್ಚು. ಗೀರಿನೊಳಗೆ ಕೂತ ಕಲ್ಲಿನ ಪುಡಿ ಅದರಿಂದ ಹೊರಬರುವುದಿಲ್ಲ. ಬಿಸಿನೀರು, ಸಾಬೂನು, ಬ್ರಷ್ಷು ಬೇಕು. ಆಮೇಲೆ ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬೂದುಬಣ್ಣಕ್ಕೆ ತಿರುಗಬಾರದು. ತಿರುಗಿದರೆ ಮತ್ತೆ ತೊಳೆಯಬೇಕು. ಒಳಗುಳಿದ ಪುಡಿ ಹೊಸ ರಿಂಗನ್ನೂ ಬೇರಿಂಗನ್ನೂ ಮೊದಲ ವಾರದಲ್ಲೇ ತಿಂದುಹಾಕುತ್ತದೆ. ಹತ್ತು ರೂಪಾಯಿ ಸಾಬೂನಿನ ಮಾತು ಇದು, ಆದರೂ ಎಷ್ಟೋ ಎಂಜಿನ್ನುಗಳು ಇದರಿಂದಲೇ ಕೆಟ್ಟಿವೆ.

ಕಟ್ಟಿದ ಎಂಜಿನ್ ಆಯಿಲ್ ತಿನ್ನುತ್ತಿದೆ ಎಂಬ ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ನಿಜಕ್ಕೂ ತಿನ್ನುತ್ತಿದೆಯೇ ಎಂಬುದು. ಹೊಸ ಫಿಲ್ಟರು, ಒಣಗಿದ ಆಯಿಲ್ ದಾರಿಗಳು ತುಂಬಿಕೊಳ್ಳುವಾಗ ಮೊದಲ ಸ್ಟಾರ್ಟಿಗೇ ಕಡ್ಡಿಯಲ್ಲಿ ಮಟ್ಟ ಇಳಿಯುತ್ತದೆ. ಅದು ನಷ್ಟವಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದ ಮಟ್ಟ ಸುಳ್ಳು. ಓಡಿಸಿ ಬಂದ ಕೂಡಲೇ ನೋಡಿದ್ದೂ ಸುಳ್ಳು. ಕ್ರ್ಯಾಂಕಿನ ಹಿಂದಿನ ಸೀಲು, ಹೆಡ್ ಕವರಿನ ಗ್ಯಾಸ್ಕೆಟ್, ಫಿಲ್ಟರಿನ ಬುಡ, ಚೇಂಬರಿನ ನಟ್ಟು ಸೋರುತ್ತಿದ್ದರೆ ರಿಂಗನ್ನು ಬೈದು ಉಪಯೋಗವಿಲ್ಲ. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಟ್ಟರೆ ಬೆಳಿಗ್ಗೆ ಉತ್ತರ ಸಿಗುತ್ತದೆ, ಕೆಲವು ಸೀಲು ಎಂಜಿನ್ ತಿರುಗುವಾಗ ಮಾತ್ರ ಸೋರುತ್ತವೆ ಎಂಬುದೊಂದು ನೆನಪಿರಬೇಕು. ರೇಡಿಯೇಟರ್ ಮುಚ್ಚಳದ ಕೆಳಗೆ ಕಂದು ಕೆನೆ ಕಟ್ಟಿದ್ದರೆ ಆಯಿಲ್ ನೀರಿಗೆ ಸೇರುತ್ತಿದೆ ಎಂದರ್ಥ.

ಸೋರಿಕೆ ಇಲ್ಲವೆಂದಾದ ಮೇಲೆ ಅಳೆಯುವ ಸರದಿ. ಸಮತಟ್ಟು ಜಾಗ, ಬೆಳಗಿನ ತಣ್ಣನೆ ಎಂಜಿನ್, ಮೇಲಿನ ಗೀಟಿನವರೆಗೆ ಆಯಿಲ್, ಮೀಟರಿನ ಅಂಕಿ ಒಂದು ಚೀಟಿಯಲ್ಲಿ. ಐನೂರು ಕಿಲೋಮೀಟರ್ ಓಡಿಸಿ ಅದೇ ಜಾಗದಲ್ಲಿ ಅದೇ ಹೊತ್ತಿಗೆ ನೋಡಿ, ಗೀಟಿಗೆ ಬರುವಷ್ಟು ಆಯಿಲನ್ನು ಅಳತೆ ಇರುವ ಬಾಟಲಿಯಿಂದ ಹಾಕಿ ಬರೆದಿಡಬೇಕು. ಮತ್ತೆ ಐನೂರಕ್ಕೆ ಮತ್ತೊಮ್ಮೆ. ಮೊದಲ ಐನೂರಕ್ಕೆ 300 ಮಿಲಿಲೀಟರ್, ಎರಡನೆಯದಕ್ಕೆ 150, ಮೂರನೆಯದಕ್ಕೆ 60 ಹೀಗೆ ಇಳಿಯುತ್ತ ಹೋದರೆ ಮಿಸ್ತ್ರಿಯ ಮಾತು ನಿಜ, ರಿಂಗು ಕೂರುತ್ತಿದೆ. ಅಂಕಿ ಇಳಿಯದೆ ಅಲ್ಲೇ ನಿಂತರೆ, ಅಥವಾ ಏರಿದರೆ, ಎರಡು ಸಾವಿರ ದಾಟಿದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ. ನಾಲ್ಕು ಸಾಲಿನ ಈ ಚೀಟಿ ಇಬ್ಬರ ಜಗಳವನ್ನು ಅರ್ಧಕ್ಕೆ ಇಳಿಸುತ್ತದೆ.

ದೊಡ್ಡ ಕಂಪನಿಗಳೂ ಕೊನೆಗೆ ಇದೇ ದಾರಿಗೆ ಬಂದಿವೆ. 2006ರಿಂದ 2009ರ ಸುಮಾರಿನ ಟೊಯೋಟಾ ಕ್ಯಾಮ್ರಿ ಮೊದಲಾದ ಕಾರುಗಳ 2.4 ಲೀಟರ್ ಪೆಟ್ರೋಲ್ ಎಂಜಿನ್ ವಿಪರೀತ ಆಯಿಲ್ ಕುಡಿಯುತ್ತದೆ ಎಂದು ಅಮೆರಿಕದಲ್ಲಿ ಗಲಾಟೆ ಎದ್ದಿತು. ಕಂಪನಿ ಡೀಲರುಗಳಿಗೆ ಕೊಟ್ಟ ವಿಧಾನ ಸರಳವಾದದ್ದು. ಆಯಿಲ್ ತುಂಬಿಸಿ, 1200 ಮೈಲಿ ಓಡಿಸಿ ತರಲು ಹೇಳಿ, ಎಷ್ಟು ಕಡಿಮೆಯಾಯಿತೆಂದು ಅಳೆಯುವುದು. ಸುಮಾರು 1930 ಕಿಲೋಮೀಟರಿಗೆ ಒಂದು ಕ್ವಾರ್ಟ್, ಎಂದರೆ ಹೆಚ್ಚುಕಡಿಮೆ 950 ಮಿಲಿಲೀಟರಿಗಿಂತ ಜಾಸ್ತಿ ಹೋಗಿದ್ದರೆ ಪಿಸ್ಟನ್, ರಿಂಗು ಬದಲಿಸುವುದು. ಜಗತ್ತಿನ ಅತಿ ದೊಡ್ಡ ಕಾರು ಕಂಪನಿಗಳಲ್ಲೊಂದು ಬಾಟಲಿ ಹಿಡಿದು ಅಳೆದು ತೀರ್ಮಾನಿಸಿದ್ದನ್ನು ಕಟಕೋಳದ ಗ್ಯಾರೇಜಿನಲ್ಲಿ ಅಳೆಯದೆ ತೀರ್ಮಾನಿಸುವುದೇಕೆ? ಹಾಗೆಯೇ, ಸಾವಿರ ಕಿಲೋಮೀಟರಿಗೆ ಒಂದು ಲೀಟರ್‌ವರೆಗೆ ಸಹಜ ಎಂದು ಕೆಲವು ಕಂಪನಿಗಳ ಕೈಪಿಡಿಯಲ್ಲಿ ಬರೆದಿರುವುದನ್ನು ಗುರಾಣಿ ಮಾಡಿಕೊಳ್ಳುವವರೂ ಇದ್ದಾರೆ. ಅದು ಹೊರಗಿನ ಎಲ್ಲೆಯೇ ಹೊರತು ಒಳ್ಳೆಯ ಕೆಲಸದ ಗುರುತಲ್ಲ. ಚೇಂಬರಿನಲ್ಲಿ ಒಟ್ಟು ಮೂರು ಲೀಟರ್ ಹಿಡಿಯುವ ಸಣ್ಣ ಕಾರು, ಈಗಷ್ಟೇ ಕಟ್ಟಿದ್ದು, ಸಾವಿರಕ್ಕೊಂದು ಲೀಟರ್ ಕುಡಿದರೆ ಆ ಕೆಲಸ ಕೆಟ್ಟಿದೆ.

ಎಲ್ಲಿಂದ ಹೋಗುತ್ತಿದೆ ಎಂಬುದನ್ನು ಹೊಗೆ ಬಹಳಮಟ್ಟಿಗೆ ಹೇಳುತ್ತದೆ. ಅದಕ್ಕೆ ಎಲ್ಲಮ್ಮನ ಗುಡ್ಡದ ಇಳಿಜಾರೇ ಸಾಕು. ಪೆಟ್ರೋಲ್ ಗಾಡಿಯನ್ನು ಗೇರಿನಲ್ಲಿಟ್ಟು, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗುಡ್ಡ ಇಳಿದು ಬಂದು, ಕೆಳಗೆ ಮತ್ತೆ ಒತ್ತಿದಾಗ ಹಿಂದೆ ಬುಸ್ಸನೆ ನೀಲಿ ಹೊಗೆ ಬಂದರೆ ವಾಲ್ವ್ ಸೀಲು ಅಥವಾ ವಾಲ್ವ್ ಗೈಡಿನ ಮೇಲೆ ಸಂಶಯ ಪಡಬೇಕು. ಥ್ರಾಟಲ್ ಮುಚ್ಚಿದಾಗ ಒಳಗೆ ನಿರ್ವಾತ ಹೆಚ್ಚಿ ಗೈಡಿನ ಸಂದಿನಿಂದ ಆಯಿಲನ್ನು ಹೀರಿಕೊಂಡಿರುತ್ತದೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಸಲ ನೀಲಿ ಹೊಗೆ ಒಗೆದು ಸುಮ್ಮನಾದರೂ ಅದೇ ಅರ್ಥ. ಗುಡ್ಡ ಏರುವಾಗ, ಎಳೆತ ಬಿದ್ದಾಗ ಎಡೆಬಿಡದೆ ನೀಲಿ ಹೊಗೆ ಬಂದರೆ ರಿಂಗು, ಬೋರಿನತ್ತ ನೋಡಬೇಕು. ಹೆಡ್ಡಿನ ಕೆಲಸ ಉಳಿಸಿ ಬರೀ “ಹಾಫ್ ಎಂಜಿನ್” ಮಾಡಿಸಿದ ಕಡೆ ಮೊದಲನೆಯ ಲಕ್ಷಣ ಕಾಣುವುದು ಜಾಸ್ತಿ. ಹಳೆ ಗಟ್ಟಿಯಾದ ರಬ್ಬರ್ ಸೀಲು ಹಾಗೇ ಉಳಿದಿರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಹೊಗೆ ಕಾಣದೆಯೂ ಆಯಿಲ್ ಹೋಗಬಹುದು. ಹೊಗೆ ಇಲ್ಲ, ಆದ್ದರಿಂದ ತೊಂದರೆಯಿಲ್ಲ ಎಂಬ ವಾದ ನಿಲ್ಲುವುದಿಲ್ಲ.

ಡೀಸೆಲ್ ಕಾರಿನಲ್ಲಿ ಇನ್ನೊಂದು ಶಂಕಿತನಿದ್ದಾನೆ, ಟರ್ಬೊ. ಅದರ ಸೀಲು ಹೋಗಿದ್ದರೆ, ಆಯಿಲ್ ವಾಪಸಾಗುವ ಕೊಳವೆ ಕಟ್ಟಿದ್ದರೆ ಇಂಟರ್‌ಕೂಲರಿನ ಪೈಪಿನಲ್ಲಿ ಆಯಿಲ್ ಮಡುಗಟ್ಟಿರುತ್ತದೆ. ಪೈಪು ಬಿಚ್ಚಿ ನೋಡಲು ಸ್ಕ್ರೂಡ್ರೈವರ್ ಸಾಕು. ಎಂಜಿನ್ ಇಳಿಸುವ ಮುಂಚೆ ಈ ಪೈಪನ್ನೂ, ಚೇಂಬರಿನ ಆವಿ ಹೊರಹೋಗುವ ಬ್ರೀದರನ್ನೂ ನೋಡದವರನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ. ಬ್ರೀದರ್ ಕಟ್ಟಿದರೆ ಚೇಂಬರಿನಲ್ಲಿ ಒತ್ತಡ ಏರಿ ಆಯಿಲ್ ಸಿಕ್ಕ ದಾರಿಯಲ್ಲೆಲ್ಲ ನುಗ್ಗುತ್ತದೆ. ಅದನ್ನು ಸ್ವಚ್ಛ ಮಾಡುವ ಖರ್ಚು ಒಂದು ಹೊತ್ತಿನ ಊಟಕ್ಕಿಂತ ಹೆಚ್ಚಲ್ಲ.

ಆಯಿಲ್ ಮುಚ್ಚಳ ತೆಗೆದು “ಬ್ಯಾಕ್ ಕಂಪ್ರೆಷನ್ ಐತ್ರಿ” ಎಂದು ತೀರ್ಪು ಕೊಡುವುದು ಎಲ್ಲ ಕಡೆಯೂ ನಡೆದಿದೆ. ಡೀಸೆಲ್ ಎಂಜಿನ್ನಿನಲ್ಲಿ ಅಲ್ಲಿ ಒಂದಿಷ್ಟು ಆವಿ ಬರುವುದು ಸಹಜ, ಅದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರನ್ನು ಹೋಲಿಸಬೇಕು. ಪೆಟ್ರೋಲ್ ಕಾರಿನಲ್ಲಿ ಸಾಮಾನ್ಯವಾಗಿ 10ರಿಂದ 13 ಬಾರ್, ಡೀಸೆಲ್ಲಿನಲ್ಲಿ 25 ಬಾರಿಗಿಂತ ಮೇಲೆ ಬರಬೇಕು. ಪೆಟ್ರೋಲ್ ಎಂಜಿನ್ನಿನ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದಾಗ ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವ್. ಡೀಸೆಲ್ಲಿನಲ್ಲಿ ದಹನದ ಜಾಗ ಬಹಳ ಚಿಕ್ಕದು, ಹೀಗಾಗಿ ಈ ಚಮಚದ ಪರೀಕ್ಷೆಯನ್ನು ನೆಚ್ಚಬಾರದು. ಇನ್ನೊಂದು ಮುಖ್ಯ ಸಂಗತಿಯೂ ಉಂಟು. ಕಂಪ್ರೆಷನ್ ಸರಿಯಾಗಿದೆ ಎಂದಾಕ್ಷಣ ರಿಂಗು ಸರಿಯಾಗಿದೆ ಎಂದಲ್ಲ. ಆಯಿಲ್ ರಿಂಗು ಕೆಟ್ಟಾಗ ಗೋಡೆಯ ಮೇಲಿನ ಹೆಚ್ಚಿನ ಆಯಿಲೇ ಸಂದು ಮುಚ್ಚಿ ಗೇಜಿನ ಅಂಕಿಯನ್ನು ಚೆನ್ನಾಗಿ ತೋರಿಸುತ್ತದೆ. “ಗೇಜ್ ಬರೋಬ್ಬರಿ ಐತಿ, ನಿಮ್ಮ ಡ್ರೈವಿಂಗ್ ಸರಿ ಇಲ್ಲ” ಎನ್ನುವವರು ಇದನ್ನು ಗಮನಿಸಬೇಕು.

ಸ್ಪಾರ್ಕ್ ಪ್ಲಗ್ಗು ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟರೆ ತಪ್ಪು ಒಂದೇ ಸಿಲಿಂಡರಿನದೋ ನಾಲ್ಕರದೋ ತಿಳಿಯುತ್ತದೆ. ಒಂದು ಮಾತ್ರ ಜಿಡ್ಡಾಗಿದ್ದರೆ ಆ ಪಿಸ್ಟನ್ ಕೂರಿಸುವಾಗ ಏನೋ ಆಗಿದೆ. ನಾಲ್ಕೂ ಜಿಡ್ಡಾಗಿದ್ದರೆ ಬೋರಿಂಗು, ಹೋನಿಂಗು, ಬ್ರೀದರಿನಂಥ ಎಲ್ಲಕ್ಕೂ ಸೇರಿದ ಕಾರಣವಿದೆ. ಇಷ್ಟೆಲ್ಲ ಆದ ಮೇಲೂ ದಾರಿ ಕಾಣದಿದ್ದರೆ ಮಾತ್ರ ಹೆಡ್ಡು ಬಿಚ್ಚಬೇಕು. ಪಿಸ್ಟನ್ನಿನ ತಲೆಯ ಅಂಚಿನಲ್ಲಿ ಸುತ್ತಲೂ ಮಸಿ ತೊಳೆದುಹೋದಂತೆ ಕಂಡರೆ ಆಯಿಲ್ ಕೆಳಗಿನಿಂದ, ರಿಂಗು ದಾಟಿ ಬಂದಿದೆ. ಒಳಹೋಗುವ ವಾಲ್ವಿನ ಬೆನ್ನಿಗೆ ದಪ್ಪ ಕಪ್ಪು ಜಿಡ್ಡು ಮೆತ್ತಿದ್ದರೆ ಮೇಲಿನಿಂದ, ಗೈಡಿನಿಂದ ಬಂದಿದೆ.

ಡ್ರೈವರನ ಪಾಲೂ ಇಲ್ಲದಿಲ್ಲ, ನಿಜ. ಆದರೆ ಅವನಿಗೆ ಕೊಡುವ ಸಲಹೆಯೇ ಹಲವು ಸಲ ತಪ್ಪು. “ಐನೂರು ಕಿಲೋಮೀಟರ್ ನಲವತ್ತು ದಾಟಬ್ಯಾಡ್ರಿ, ಮೊದಲ ದಿನ ನಾಲ್ಕು ತಾಸು ಸ್ಲೋದಾಗ ಬಿಡ್ರಿ” ಎನ್ನುವುದು ಹಳೆ ಪಂಪ್‌ಸೆಟ್ಟಿನ ಕಾಲದ ಮಾತು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಅದರ ಬೆನ್ನಿಗೆ ನುಗ್ಗುವ ದಹನದ ಒತ್ತಡ. ಭಾರವೇ ಇಲ್ಲದೆ ತಾಸುಗಟ್ಟಲೆ ಸ್ಲೋದಲ್ಲಿ ಬಿಟ್ಟರೆ ಆ ಒತ್ತಡ ಬರುವುದಿಲ್ಲ. ಸುಟ್ಟ ಆಯಿಲ್ ಗೋಡೆಗೆ ಅಂಟಿ ಹೊಳಪು ಕಟ್ಟುತ್ತದೆ, ಗೀರುಗಳು ಮುಚ್ಚಿಹೋಗುತ್ತವೆ. ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಒಂದಿಷ್ಟು ಎಳೆತ ಕೊಟ್ಟು, ಬಿಟ್ಟು, ಮತ್ತೆ ಎಳೆತ ಕೊಟ್ಟು ಓಡಿಸಬೇಕು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಬೇಡ, ಪೂರ್ತಿ ತುಳಿಯುವುದೂ ಬೇಡ. ಮೊದಲ ಓಟಕ್ಕೆ ದುಬಾರಿ ಸಿಂಥೆಟಿಕ್ ಆಯಿಲಿಗಿಂತ ಕಂಪನಿ ಹೇಳಿದ ದರ್ಜೆಯ ಸಾದಾ ಮಿನರಲ್ ಆಯಿಲ್ ಹಾಕಿ ಐನೂರರಿಂದ ಸಾವಿರ ಕಿಲೋಮೀಟರಿನೊಳಗೆ ಫಿಲ್ಟರ್ ಸಮೇತ ಬದಲಿಸುವುದು ಮೇಲು. ಈ ಭಾಗದ ಕಚ್ಚಾ ರಸ್ತೆಗಳಲ್ಲಿ, ಕಬ್ಬಿನ ಸುಗ್ಗಿಯಲ್ಲಿ ಸಾಲುಸಾಲು ಟ್ರ್ಯಾಕ್ಟರುಗಳ ಹಿಂದೆ ಏಳುವ ಎರೆಮಣ್ಣಿನ ಧೂಳಿನಲ್ಲಿ ಏರ್ ಫಿಲ್ಟರಿನ ಪೈಪು ಸಡಿಲವಿದ್ದರೆ ಹೊಸ ರಿಂಗು ಬೇಗ ಸವೆಯುತ್ತದೆ. ಗಾಡಿ ಕೈಗೆ ಬಂದ ದಿನವೇ ಆ ಕ್ಲಿಪ್ಪು ಬಿಗಿಯಾಗಿದೆಯೇ ನೋಡಬೇಕು.

ಸರ್ಕಾರ ಮಾಡಬಹುದಾದದ್ದೂ ಇದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆಗೂಡಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಡೀಸೆಲ್ ಮೆಕ್ಯಾನಿಕ್, ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸುಗಳಲ್ಲಿ ಬೋರ್ ಗೇಜು, ಮೈಕ್ರೋಮೀಟರಿನ ಪಾಠ ಇದ್ದೇ ಇದೆ. ಆ ಉಪಕರಣ ಪರೀಕ್ಷೆಯ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬಂದರೆ ಏನು ಫಲ? ವಾರಕ್ಕೊಂದು ದಿನ ಸುತ್ತಲ ಗ್ಯಾರೇಜುಗಳು ಬ್ಲಾಕು ತಂದರೆ ಸಣ್ಣ ಶುಲ್ಕಕ್ಕೆ ಅಳೆದು ಸಹಿ ಹಾಕಿದ ಚೀಟಿ ಕೊಡುವ ವ್ಯವಸ್ಥೆಯನ್ನು ಐಟಿಐಗಳು ಮಾಡಬೇಕು. ಹುಡುಗರಿಗೆ ನಿಜವಾದ ಎಂಜಿನ್ ಸಿಗುತ್ತದೆ, ಮಿಸ್ತ್ರಿಗೆ ಆಧಾರ ಸಿಗುತ್ತದೆ, ಮಾಲೀಕನಿಗೆ ಧೈರ್ಯ ಬರುತ್ತದೆ.

ದುರಸ್ತಿಯೂ ಕಾನೂನಿನ ಕಣ್ಣಿನಲ್ಲಿ ಸೇವೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯ ಲೋಪಕ್ಕೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಬಿಲ್ಲಿಲ್ಲದ, ಅಳತೆಯಿಲ್ಲದ ಬಾಯಿಮಾತಿನ ಕೆಲಸದಲ್ಲಿ ಆಯೋಗದ ಮುಂದೆ ಇಡಲು ಏನಿರುತ್ತದೆ? ಒಳ್ಳೆಯ ಮಿಸ್ತ್ರಿಗೂ ಚೀಟಿ ಬೇಕು. ಲೇತಿನವನು ತಪ್ಪು ಮಾಡಿದ್ದಕ್ಕೆ ತಾನು ದಂಡ ತೆರುವುದರಿಂದ ಅದು ಅವನನ್ನು ಉಳಿಸುತ್ತದೆ.

ನಿಮ್ಮ ಗಾಡಿಯ ಎಂಜಿನ್ ಈಗ ಯಾವುದಾದರೂ ಗ್ಯಾರೇಜಿನ ಬೆಂಚಿನ ಮೇಲೆ ಬಿಚ್ಚಿಕೊಂಡು ಕೂತಿದ್ದರೆ, ಹೆಡ್ಡು ಮುಚ್ಚುವ ಮುಂಚೆ ಒಮ್ಮೆ ಹೋಗಿ ಬನ್ನಿ. ಬೋರು, ಪಿಸ್ಟನ್, ರಿಂಗಿನ ಬಾಯಿಯ ಅಳತೆ ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ, ವಾಲ್ವ್ ಸೀಲು ಬದಲಾಗಿದೆಯೇ ಕೇಳಿ, ಅಲ್ಲಿಯವರೆಗೆ ಪೂರ್ತಿ ಹಣ ಕೊಡಬೇಡಿ.